ಮಕ್ಕಳ ಅದ್ಭುತಕಥೆಗಳಲ್ಲಿ ಪ್ರಾಚೀನೇತಿವೃತ್ತದ ನಿರ್ವಾಹ

೧

ಪ್ರಸಿದ್ಧವಾದ ಕಥೆಯೊಂದನ್ನು ಎತ್ತಿಕೊಂಡ ಕವಿಯು ಅದನ್ನು ಎಷ್ಟರ ಮಟ್ಟಿಗೆ ಮಾರ್ಪಡಿಸಬಹುದೆಂಬ ಪ್ರಶ್ನೆಯು ಭಾರತೀಯ ಆಲಂಕಾರಿಕರಿಗೆ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದ ತೃತೀಯೋದ್ದ್ಯೋತದಲ್ಲಿ ಇದನ್ನು ವಿಚಾರಮಾಡಿ, ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ಒಪ್ಪದ ಅಂಶವಿದ್ದರೆ ಕವಿಯು ಅದನ್ನು ತ್ಯಜಿಸಿ ರಸೋಚಿತವಾದ ಬೇರೊಂದನ್ನು ಕಲ್ಪಿಸಿಕೊಳ್ಳಬಹುದೆಂದು ಸಿದ್ಧಾಂತಮಾಡಿದನು. ನಡೆದುದನ್ನು ನಡೆದಂತೆ ಹೇಳಿ ಮುಗಿಸುವ ಕಾರ್ಯವು ಇತಿಹಾಸದಿಂದಲೇ ಸಿದ್ಧಿಸುವುದರಿಂದ ಕವಿಗೆ ಅದರಿಂದ ಪ್ರಯೋಜನವಿಲ್ಲವೆಂಬುದು ಅವನ ಆಶಯ. ಆದರೆ ರಾಮಾಯಣವೇ ಮೊದಲಾದ ಸಿದ್ಧರಸಗಳಾದ ಕಥೆಗಳಲ್ಲಿ ರಸವಿರೋಧಿಯಾದ ಸ್ವೇಚ್ಛೆಯು ಸಲ್ಲದೆಂದು ಎಚ್ಚರಿಸಿದವನೂ ಅವನೇ. ದಶರೂಪಕಕಾರನಾದ ಧನಂಜಯನೂ ನಾಯಕನಿಗಾಗಲಿ ರಸಕ್ಕಾಗಲಿ ಅನುಚಿತವಾದುದನ್ನು ಬಿಡಬೇಕು, ಇಲ್ಲವೇ ಬೇರೆ ಬಗೆಯಾಗಿ ಕಲ್ಪಿಸಬೇಕು ಎಂದು ವಿಧಿಸಿರುವನು.

ಶಾಸ್ತ್ರಕಾರರು ಕೊಟ್ಟ ಈ ಅನುಮತಿಗೆ ಮಹಾಕವಿಗಳು ತಾವಾಗಿಯೇ ಒಂದು ಕಟ್ಟಳೆಯನ್ನು ಹಾಕಿಕೊಂಡಂತೆ ಲಕ್ಷ್ಯಗ್ರಂಥಗಳಿಂದ ತಿಳಿದುಬರುವುದು. ಮಹಾಭಾರತದ ಆದಿಪರ್ವದಲ್ಲಿ ದುಷ್ಯಂತನು ಶಕುಂತಲೆಯನ್ನು ಅರಿತೂ ಅರಿಯದವನಂತೆ ನುಡಿಯುವನು. ಕಾಳಿದಾಸನು ದುರ್ವಾಸನ ಶಾಪವನ್ನು ಕಲ್ಪಿಸಿ ಈ ದೋಷವನ್ನು ನೀಗಿಸಿದನು. ವಕ್ರೋಕ್ತಿಜೀವಿತದಲ್ಲಿ ಕುಂತಕನು ಈ ಕಲ್ಪನೆಯನ್ನು ಪ್ರಕರಣವಕ್ರತೆಗೆ ಉದಾಹರಣೆಯಾಗಿ ಎತ್ತಿ ಕೊಂಡಾಡಿದನು. ಆದರೆ ಕಾಳಿದಾಸನು ದೋಷವನ್ನು ಕಳೆದನೇ ಹೊರತು ದುಃಖವನ್ನು ಕಳೆಯಲಿಲ್ಲ. ಉಂಗುರವು ದೊರೆತು ನೆನಪು ಮರಳಿದ ಮೇಲೆ ಆರನೆಯ ಅಂಕವು ಅರಸನ ಪಶ್ಚಾತ್ತಾಪಕ್ಕೆ ಮೀಸಲಾಗಿರುವುದು. ಕನ್ನಡದ ಪಂಪನು ಕ್ರಿ. ಶ. ೯೪೧ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸುವಾಗ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯನ್ನಾಗಿ ಮಾಡಿ ವ್ಯಾಸರ ಕಥೆಯನ್ನು ಬುಡದಲ್ಲಿಯೇ ತಿರುಗಿಸಿದನು. ಆದರೂ ಕರ್ಣನು ತೆತ್ತ ಋಣವನ್ನು ಅವನು ಹಗುರಮಾಡಲಿಲ್ಲ. ತನ್ನ ನಾಯಕನ ಹಗೆಯೆಂಬ ಕಾರಣದಿಂದ ಆ ಸಾವಿನ ನೋವನ್ನು ಕುಗ್ಗಿಸಲೂ ಇಲ್ಲ.

ಇದರಿಂದ ಹೊರಡುವ ಅರ್ಥವಿಷ್ಟು: ಕಥೆಯ ಮೈಯನ್ನು ಕವಿಯು ಬದಲಿಸಬಹುದು, ಆ ಕಥೆಯು ತನ್ನ ಪಾತ್ರಗಳಿಂದ ಕೇಳುವ ತೆರವನ್ನು ಮನ್ನಾಮಾಡುವ ಅಧಿಕಾರವು ಅವನಿಗಿಲ್ಲ. ಹಳೆಯ ಕಥೆಯೊಂದು ನೂರಾರು ವರ್ಷ ಬಾಳಿ ಬಂದಿರುವುದು ಅದರಲ್ಲಿ ಯಾರೋ ಏನನ್ನೋ ಹಿಂದಿರುಗದಂತೆ ಕಳೆದುಕೊಂಡುದರಿಂದಲೇ. ಈ ನಿಕಷವನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷಿನಲ್ಲಿ ಮಕ್ಕಳಿಗಾಗಿ ಹುಟ್ಟಿದ ಅದ್ಭುತಸಾಹಸಕಥೆಗಳಿಗೆ ಹಚ್ಚಿ ನೋಡುವುದು ಪ್ರಯೋಜನಕರವಾದುದು. ಅವುಗಳಲ್ಲಿಯೂ ವೇಲ್ಸ್ ದೇಶದ ಐತಿಹ್ಯಗಳನ್ನು ಆಶ್ರಯಿಸಿದ ಮೂವರು ಗ್ರಂಥಕರ್ತರನ್ನು ಆರಿಸಿಕೊಂಡರೆ, ಒಂದೇ ಆಕರವು ಮೂರು ಬಗೆಯ ನಿರ್ವಾಹವನ್ನು ಹೇಗೆ ಪಡೆಯಿತೆಂಬುದು ಸ್ಪಷ್ಟವಾಗುವುದು.

೨

ಆಕರವು ಮ್ಯಾಬಿನೋಗಿ ಎಂಬ ಗದ್ಯಕಥೆ. ವೇಲ್ಸ್ ಭಾಷೆಯಲ್ಲಿರುವ ಇದರಲ್ಲಿ ನಾಲ್ಕು ಶಾಖೆಗಳಿವೆ. ‘ಬಿಳಿಯ ಪುಸ್ತಕ’, ‘ಕೆಂಪು ಪುಸ್ತಕ’ ಎಂದು ಹೆಸರಾದ ಎರಡು ಕೈಬರಹದ ಸಂಪುಟಗಳಲ್ಲಿ ಇದು ಉಳಿದು ಬಂದಿರುವುದು. ಮೊದಲನೆಯದು ಹದಿನಾಲ್ಕನೆಯ ಶತಮಾನದ ಮಧ್ಯಭಾಗದ್ದು, ಎರಡನೆಯದು ಆ ಶತಮಾನದ ಕೊನೆಯಲ್ಲಿ ಬರೆಯಲು ತೊಡಗಿದುದು. ಲೇಡಿ ಷಾರ್ಲಟ್ ಗೆಸ್ಟ್ ಎಂಬ ವಿದುಷಿಯು ೧೮೩೮ರಿಂದ ೧೮೪೯ರವರೆಗೆ ಈ ಕಥೆಗಳನ್ನೂ ಇವುಗಳೊಡನೆ ಸೇರಿಬಂದ ಇತರ ಕಥೆಗಳನ್ನೂ ಇಂಗ್ಲಿಷಿಗೆ ಪರಿವರ್ತಿಸಿ ಪ್ರಕಟಿಸಿದಳು. ೧೮೮೧ರಲ್ಲಿ ಅಮೆರಿಕದ ಸಿಡ್ನಿ ಲನಿಯರ್ ಎಂಬಾತನು ಆ ಪರಿವರ್ತನೆಯನ್ನೇ ಬಾಲಕರ ಉಪಯೋಗಕ್ಕೆಂದು ಅಳವಡಿಸಿದನು. ಹೀಗೆ ಈ ಕಥೆಗಳು ಮಕ್ಕಳ ಕೈಸೇರಿ ಬಹುಕಾಲವಾಯಿತು. ಆದರೆ ಅವುಗಳಿಂದ ಸ್ವತಂತ್ರ ಕಾದಂಬರಿಗಳು ಸಾಲಾಗಿ ಮೊಳೆತುದು ೧೯೬೦ರ ಈಚೆಗೆ.

ಅವರಲ್ಲಿ ಮೊದಲು ಹೇಳತಕ್ಕವನು ಅಮೆರಿಕದ ಲಾಯ್ಡ್ ಅಲೆಕ್ಸಾಂಡರ್. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕನಾಗಿ ವೇಲ್ಸಿನಲ್ಲಿ ಕೆಲಕಾಲ ಶಿಕ್ಷಣಪಡೆದ ಈತನು ಪ್ರಿಡೇನ್ ಎಂಬ ಕಲ್ಪಿತ ರಾಜ್ಯವನ್ನು ಕುರಿತು ೧೯೬೪ರಿಂದ ೧೯೬೮ರವರೆಗೆ ವರ್ಷಕ್ಕೊಂದರಂತೆ ಐದು ಕಥೆಗಳನ್ನು ಬರೆದನು. ಕೊನೆಯದಾದ ‘ದಿ ಹೈ ಕಿಂಗ್’ ೧೯೬೯ರ ನ್ಯೂಬೆರಿ ಪದಕವನ್ನು ಪಡೆಯಿತು. ನಾಯಕನಾದ ಟಾರನ್ ತಂದೆತಾಯಿಗಳಾರೆಂದು ತಿಳಿಯದ ಹುಡುಗ. ಕಣಿಹೇಳುವ ಒಂದು ಹಂದಿಯನ್ನು ಕಾಯುವವನಿಗೆ ಸಹಾಯಕ. ಎರಡನೆಯ ಕಥೆಯಾದ ‘ದಿ ಬ್ಲ್ಯಾಕ್ ಕಾಲ್ಡ್ರನ್’, ಎಂದರೆ ಕರಿಯ ಕೊಪ್ಪರಿಗೆ, ೧೯೬೫ರದು. ಸತ್ತವರ ದೇಹಗಳನ್ನು ಅದರೊಳಗೆ ಹಾಕಿದರೆ ಅವು ಮಾತಿಲ್ಲದ, ಸಾವಿಲ್ಲದ ಯೋಧರಾಗಿ ಏಳುವುವು. ಈ ಕೊಪ್ಪರಿಗೆಯು ಮ್ಯಾಬಿನೋಗಿಯ ಎರಡನೆಯ ಶಾಖೆಯಿಂದ ಬಂದುದು. ಅಲ್ಲಿಯೂ ಅದರಿಂದ ಎದ್ದವರಿಗೆ ಮಾತು ಬಾರದು.

ಮೂಲದಲ್ಲಿ ಈ ಕೊಪ್ಪರಿಗೆಯು ಹೇಗೆ ನಾಶವಾಯಿತೆಂಬುದನ್ನು ಗಮನಿಸಬೇಕು. ಎವ್ನಿಸ್ಯೆನ್ ಎಂಬವನು ಆ ಶಾಖೆಯ ಕಲಹಪ್ರಿಯ. ತಂಗಿಯಾದ ಬ್ರಾನ್ವೆನಳ ವಿವಾಹದಲ್ಲಿ ತನ್ನನ್ನು ಕೇಳಲಿಲ್ಲವೆಂದು ಐರ್ಲೆಂಡಿನ ಅರಸನ ಕುದುರೆಗಳನ್ನು ವಿರೂಪಗೊಳಿಸಿದವನು ಅವನು. ಮುಂದೆ ಅವಳ ಮಗುವನ್ನು ಉರಿಯುವ ಬೆಂಕಿಗೆ ಎಸೆದವನೂ ಅವನೇ. ಅದರಿಂದ ಹೊತ್ತಿದ ಯುದ್ಧದಲ್ಲಿ ಸತ್ತ ಐರಿಷರು ಕೊಪ್ಪರಿಗೆಯಿಂದ ಮರಳಿ ಏಳುತ್ತಿರಲು, ತನ್ನವರ ಹೆಣಗಳ ರಾಶಿಯನ್ನು ಕಂಡು ಅವನಿಗೆ ಕಣ್ಣು ತೆರೆಯುವುದು. ಸತ್ತವರ ನಡುವೆ ತಾನೂ ಹೆಣದಂತೆ ಮಲಗಿ, ಕೊಪ್ಪರಿಗೆಯೊಳಕ್ಕೆ ಎಸೆಯಲ್ಪಟ್ಟಾಗ ಮೈಯನ್ನು ಸೆಟೆದು ಚಾಚುವನು. ಕೊಪ್ಪರಿಗೆ ನಾಲ್ಕು ಹೋಳಾಗುವುದು, ಅವನ ಎದೆಯೂ ಒಡೆಯುವುದು. ಕೇಡನ್ನು ತಂದವನೇ ಕೇಡಿನ ಬೆಲೆಯನ್ನು ತೆರುವನು. ಇದು ಆ ಶಾಖೆಯ ಮರ್ಮ.

ಅಲೆಕ್ಸಾಂಡರನ ಕಥೆಯಲ್ಲಿ ಬ್ರಾನ್ವೆನಳಿಲ್ಲ, ಐರ್ಲೆಂಡಿಲ್ಲ, ಎವ್ನಿಸ್ಯೆನನ ಹೆಸರೂ ಇಲ್ಲ. ಅವನ ಸ್ಥಾನದಲ್ಲಿ ಎಲ್ಲಿಡಿರ್ ಎಂಬ ಬಡ ರಾಜಕುಮಾರನಿರುವನು. ಕೀರ್ತಿಯ ಹಸಿವಿನಿಂದ ಕುದಿಯುವ ಇವನು, ನದಿಯಲ್ಲಿ ಸಿಕ್ಕಿಕೊಂಡ ಕೊಪ್ಪರಿಗೆಯನ್ನು ಎತ್ತಲು ನೆರವಾಗಬೇಕಾದರೆ ಅದನ್ನು ಗೆದ್ದ ಯಶಸ್ಸು ತನ್ನೊಬ್ಬನದೆಂದು ಟಾರನ್ ಒಪ್ಪಬೇಕೆಂದು ಪೀಡಿಸುವನು. ಆ ಕೊಪ್ಪರಿಗೆಯನ್ನು ಒಡೆಯಲು ಬದುಕಿರುವ ಮನುಷ್ಯನೊಬ್ಬನು ತಿಳಿದು, ಮನಸಾರೆ, ಅದರೊಳಕ್ಕೆ ಇಳಿಯಬೇಕು. ಇಳಿದವನು ಜೀವಸಹಿತ ಹೊರಬರಲಾರನು. ಕಡೆಗೆ ಎಲ್ಲಿಡಿರನೇ ಅದರೊಳಗೆ ಹಾರಿ ಸಾಯುವನು. ಹೆಸರುಗಳೆಲ್ಲವೂ ಬದಲಾಗಿ ಮರ್ಮವು ಮಾತ್ರ ಕದಲದೆ ನಿಂತಿರುವ ನಿರ್ವಾಹಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ಈ ವರ್ಗದ ಗ್ರಂಥಗಳಲ್ಲಿ ವಿರಳ.

ಈ ಮರ್ಮವನ್ನು ಕೈಬಿಟ್ಟರೆ ಆಗುವ ಹಾನಿಯೂ ಪ್ರತ್ಯಕ್ಷವಾಗಿಯೇ ಇರುವುದು. ೧೯೮೫ರಲ್ಲಿ ಡಿಸ್ನಿ ಸಂಸ್ಥೆಯವರು ಇದೇ ಹೆಸರಿನ ಚಿತ್ರವನ್ನು ಹೊರತಂದರು. ಅದರಲ್ಲಿ ಎಲ್ಲಿಡಿರ್ ಇಲ್ಲ. ಕೊಪ್ಪರಿಗೆಗೆ ಹಾರುವವನು ಗುರ್ಗಿ ಎಂಬ ಮುಗ್ಧ ಸಹಚರ. ಹಾರಿ ಸತ್ತ ಅವನನ್ನು ಮಾಟಗಾತಿಯರೊಡನೆ ಮಾಡಿಕೊಂಡ ಒಪ್ಪಂದದ ಮೂಲಕ ಮರಳಿ ಬದುಕಿಸಲಾಗುವುದು. ಇಲ್ಲಿ ಎರಡು ದೋಷಗಳು ಕೂಡಿವೆ. ಪಾಪವಿಲ್ಲದವನು ಸತ್ತುದರಿಂದ ಪ್ರಾಯಶ್ಚಿತ್ತವೆಂಬ ಭಾವವು ಹೋಯಿತು. ಸತ್ತವನು ಎದ್ದುದರಿಂದ ಕರುಣವೂ ಹೋಯಿತು. ಕನ್ನಡನಾಡಿನ ಮಕ್ಕಳೆಲ್ಲರೂ ಬಲ್ಲ ಗೋವಿನ ಹಾಡನ್ನು ಇಲ್ಲಿ ಸ್ಮರಿಸಬಹುದು. ಮಾತಿಗೆ ತಪ್ಪದೆ ಮರಳಿ ಬಂದ ಪುಣ್ಯಕೋಟಿಯನ್ನು ಕಂಡು ಹುಲಿಯು ತನ್ನ ಪ್ರಾಣವನ್ನೇ ನೀಗುವುದು. ಆ ಹುಲಿಯು ಬುದ್ಧಿ ಕಲಿತು ಕಾಡಿಗೆ ಮರಳಿತೆಂದು ಯಾರಾದರೂ ತಿದ್ದಿದರೆ ಹಾಡಿನಲ್ಲಿ ಒಂದು ಘಟನೆ ಮಾತ್ರ ಬದಲಾದಂತೆ ತೋರುವುದು. ವಾಸ್ತವವಾಗಿ ಸತ್ಯದ ತೂಕವೇ ಇಳಿದುಹೋಗುವುದು. ಎಲ್ಲಿಡಿರನೂ ಆ ಹುಲಿಯೂ ಒಂದೇ ಕುಲದವರು.

೩

ಹೀಗೆಂದು ಅಲೆಕ್ಸಾಂಡರನ ಮಾರ್ಪಾಡುಗಳೆಲ್ಲವೂ ಉಚಿತವೆನ್ನುವಂತಿಲ್ಲ. ಮ್ಯಾಬಿನೋಗಿಯ ಮೊದಲನೆಯ ಶಾಖೆಯಲ್ಲಿ ಅರೌನ್ ಎಂಬವನು ಅನ್ನೂನ್ ಎಂಬ ಅನ್ಯಲೋಕದ ಒಡೆಯ. ಅವನ ನಾಯಿಗಳು ಕೆಡವಿದ ಬೇಟೆಯನ್ನು ಪ್ವಿಲ್ ಎಂಬ ರಾಜನು ತನ್ನ ನಾಯಿಗಳಿಗೆ ಬಿಟ್ಟು ಅಪರಾಧಿಯಾಗುವನು. ಪರಿಹಾರಕ್ಕಾಗಿ ಇಬ್ಬರೂ ರೂಪವನ್ನು ಬದಲಿಸಿಕೊಂಡು ಒಂದು ವರ್ಷ ಒಬ್ಬರ ರಾಜ್ಯವನ್ನು ಇನ್ನೊಬ್ಬರು ಆಳುವರು. ಆ ಅವಧಿಯಲ್ಲಿ ಪ್ವಿಲ್ ಅರೌನನ ಪತ್ನಿಯ ವಿಷಯದಲ್ಲಿ ಸಂಯಮದಿಂದ ನಡೆದುಕೊಂಡುದೇ ಅವರ ಸ್ಥಿರವಾದ ಮೈತ್ರಿಗೆ ಕಾರಣವಾಗುವುದು. ಇಂತಹ ಗಂಭೀರನಾದ ಅರಸನನ್ನು ಅಲೆಕ್ಸಾಂಡರನು ಕೇವಲ ದುಷ್ಟನಾದ ಮೃತ್ಯುಪತಿಯನ್ನಾಗಿ ಮಾಡಿರುವನು. ನಾಲ್ಕನೆಯ ಶಾಖೆಯಲ್ಲಿ ಮಾಯೆಯಿಂದ ಹಂದಿಗಳನ್ನು ಅಪಹರಿಸಿ ಯುದ್ಧವನ್ನೆಬ್ಬಿಸಿದ ಕಪಟಿ ಗ್ವಿಡಿಯನ್ ಇಲ್ಲಿ ನಿಷ್ಕಳಂಕನಾದ ರಾಜಪುತ್ರನಾಗಿರುವನು. ಮಸಿಯೂ ಸುಣ್ಣವೂ ಬೇರೆಬೇರೆಯಾಗಿ ನಿಂತುವು. ಮೂಲದ ಮನುಷ್ಯರು ಮರೆಯಾದರು. ಕನ್ನಡದಲ್ಲಿ ನಾಗಚಂದ್ರನು ಜೈನ ಪರಂಪರೆಯನ್ನು ಹಿಡಿದು ರಾವಣನನ್ನು ಒಂದು ದೌರ್ಬಲ್ಯದಿಂದ ಕೆಟ್ಟ ಮಹಾಪುರುಷನನ್ನಾಗಿ ಚಿತ್ರಿಸಿದುದನ್ನು ಇದರ ಪಕ್ಕದಲ್ಲಿಟ್ಟರೆ ಭೇದವು ಗೊತ್ತಾಗುವುದು: ಅಲ್ಲಿ ಮಾರ್ಪಾಡು ಪಾತ್ರವನ್ನು ಹಿರಿದುಮಾಡಿತು, ಇಲ್ಲಿ ಕಿರಿದುಮಾಡಿತು. ಪ್ರಿಡೇನ್ ವೇಲ್ಸಿನ ಯಥಾವತ್ತಾದ ಪ್ರತಿಬಿಂಬವಲ್ಲವೆಂದು ಗ್ರಂಥಕರ್ತನೇ ಮುನ್ನುಡಿದಿರುವುದು ನಿಜ. ಆ ಮಾತು ಭೂಗೋಳಕ್ಕೆ ಒಪ್ಪುವುದು; ಪಾತ್ರದ ಔಚಿತ್ಯವನ್ನು ಅದು ರಕ್ಷಿಸಲಾರದು.

ಈ ಕುಂದನ್ನು ತುಂಬಿಕೊಟ್ಟಿರುವುದು ನಾಲ್ಕನೆಯ ಕಥೆಯಾದ ‘ಟಾರನ್ ವಾಂಡರರ್’ (೧೯೬೭). ಟಾರನ್ ತನ್ನ ಕುಲವನ್ನು ಅರಸುತ್ತ ಹೊರಡುವನು. ಬಡ ಕುರುಬನೊಬ್ಬನು ತಾನೇ ತಂದೆಯೆಂದು ಹೇಳಿಕೊಳ್ಳುವನು. ಆ ಮಾತನ್ನು ನಂಬಿದ ಹುಡುಗನಿಗೆ ನಾಚಿಕೆಯೂ ಕೋಪವೂ ಉಂಟಾಗುವುವು. ಆ ಕುರುಬನು ಅಪಾಯದಲ್ಲಿ ಬಿದ್ದಿರುವಾಗ, ಅವನನ್ನು ಹಾಗೆಯೇ ಬಿಟ್ಟರೆ ತಾನು ಬಿಡುಗಡೆ ಹೊಂದುವೆನೆಂಬ ಆಲೋಚನೆ ಅವನ ಮನಸ್ಸಿನಲ್ಲಿ ಸುಳಿಯುವುದು. ಆ ಕ್ಷಣಕ್ಕಾಗಿ ಅವನು ತನ್ನನ್ನು ತಾನೇ ಸುಲಭವಾಗಿ ಕ್ಷಮಿಸಿಕೊಳ್ಳಲಾರನು. ಬಳಿಕ ಕಮ್ಮಾರನಲ್ಲಿ, ನೇಯ್ಗೆಯವಳಲ್ಲಿ, ಕುಂಬಾರನಲ್ಲಿ ಕೆಲಸ ಕಲಿತು, ತನಗೆ ಅತ್ಯಂತ ಪ್ರಿಯವಾದ ಕುಂಬಾರಿಕೆಯಲ್ಲಿಯೇ ತನಗೆ ದೈವದತ್ತವಾದ ಕೈಯಿಲ್ಲವೆಂದು ಅರಿಯುವನು. ಇದಕ್ಕೆ ಮ್ಯಾಬಿನೋಗಿಯಲ್ಲಿ ನೇರವಾದ ಆಧಾರವಿಲ್ಲ. ಆದರೂ ಹಳೆಯ ಕಥೆಗಳ ನಿಷ್ಠುರತೆಯು ಅರೌನನ ಅರಮನೆಗಿಂತ ಈ ಕುಂಬಾರನ ಗುಡಿಸಲಿನಲ್ಲಿ ಹೆಚ್ಚಾಗಿ ನೆಲೆಸಿರುವುದು.

೪

ಅಲೆಕ್ಸಾಂಡರನು ಗ್ವಿಡಿಯನನಿಂದ ತೊಳೆದುಹಾಕಿದ ಅಪರಾಧವನ್ನೇ ಎತ್ತಿಕೊಂಡು ಕಥೆಕಟ್ಟಿದವನು ಇಂಗ್ಲೆಂಡಿನ ಅಲನ್ ಗಾರ್ನರ್. ೧೯೬೭ರಲ್ಲಿ ಪ್ರಕಟವಾಗಿ ಕಾರ್ನೆಗೀ ಪದಕವನ್ನು ಪಡೆದ ಇವನ ‘ದಿ ಔಲ್ ಸರ್ವಿಸ್’ ನಾಲ್ಕನೆಯ ಶಾಖೆಯನ್ನು ಆಶ್ರಯಿಸಿದುದು. ಆ ಶಾಖೆಯಲ್ಲಿ ಲ್ಲೈ ಎಂಬ ತರುಣನಿಗೆ ಮನುಷ್ಯಸ್ತ್ರೀ ಪತ್ನಿಯಾಗಕೂಡದೆಂದು ತಾಯಿಯ ಶಾಪವಿರುವುದು. ಅದನ್ನು ಮೀರಲು ಮಾಥ್, ಗ್ವಿಡಿಯನ್ ಎಂಬ ಮಾಂತ್ರಿಕರು ಓಕ್ ಮರ ಮೊದಲಾದುವುಗಳ ಹೂಗಳಿಂದ ಹೆಣ್ಣೊಬ್ಬಳನ್ನು ನಿರ್ಮಿಸಿ ಅವನಿಗೆ ಕೊಡುವರು. ಆಕೆ ಬ್ಲೊಡೈವೆದ್. ಅವಳು ಗ್ರೊನೂ ಎಂಬವನನ್ನು ಪ್ರೀತಿಸಿ ಗಂಡನ ಕೊಲೆಗೆ ಸಂಚುಹೂಡುವಳು. ಈಟಿಯ ಪೆಟ್ಟುತಿಂದ ಲ್ಲೈ ಹದ್ದಾಗಿ ಹಾರಿಹೋಗಿ, ಗ್ವಿಡಿಯನನಿಂದ ಮತ್ತೆ ಮನುಷ್ಯನಾಗುವನು. ಗ್ರೊನೂ ಕಲ್ಲೊಂದನ್ನು ಅಡ್ಡಹಿಡಿದರೂ ಲ್ಲೈಯ ಈಟಿಯು ಕಲ್ಲನ್ನೂ ಅವನನ್ನೂ ತೂರುವುದು. ಬ್ಲೊಡೈವೆದ್ ಉಳಿದ ಹಕ್ಕಿಗಳು ದ್ವೇಷಿಸುವ ಗೂಬೆಯಾಗುವಳು. ಒಂದು ಪ್ರಶ್ನೆಗೆ ಮಾತ್ರ ಹಳೆಯ ಕಥೆಯು ಉತ್ತರ ಕೊಡದು: ಮಡದಿಯಾಗಲು ಒಪ್ಪುವೆಯಾ ಎಂದು ಆ ಹೂವಿನ ಹೆಣ್ಣನ್ನು ಯಾರಾದರೂ ಕೇಳಿದರೇ?

ಗಾರ್ನರನು ಈ ಪ್ರಶ್ನೆಯನ್ನು ತನ್ನ ಕಾಲದ ವೇಲ್ಸಿನ ಒಂದು ಕಣಿವೆಗೆ ತಂದನು. ಅಟ್ಟದ ಮೇಲೆ ಸಿಕ್ಕಿದ ಊಟದ ತಟ್ಟೆಗಳ ಚಿತ್ರವನ್ನು ಆಲಿಸನ್ ಎಂಬ ಇಂಗ್ಲಿಷ್ ಹುಡುಗಿಯು ಕಾಗದದ ಮೇಲೆ ತೆಗೆದು ಮಡಿಸಿದರೆ ಅದು ಗೂಬೆಯಾಗುವುದು. ತಟ್ಟೆಯ ಮೇಲಿನ ಚಿತ್ರವು ಮಾಯವಾಗುವುದು. ಆಲಿಸನ್, ಅವಳ ಮಲತಂದೆಯ ಮಗ ರೋಜರ್, ಅಡಿಗೆಯವಳ ಮಗನಾದ ಗ್ವಿನ್—ಈ ಮೂವರ ಮೇಲೆ ಹಳೆಯ ಮೂವರ ನೆರಳು ಬೀಳುವುದು. ಅದು ಅವರ ಹಿಂದಿನ ತಲೆಮಾರಿನ ಮೇಲೂ ಬಿದ್ದಿತ್ತು. ಮನೆಯ ಆಳಾದ ಹ್ಯೂ ಎಂಬವನು ಯೌವನದಲ್ಲಿ ಮತ್ಸರದಿಂದ ಒಬ್ಬನ ಮೋಟಾರುಸೈಕಲನ್ನು ಕೆಡಿಸಿಟ್ಟು ಅವನ ಸಾವಿಗೆ ಕಾರಣನಾಗಿದ್ದನು. ಗ್ವಿನನ ತಂದೆಯು ಈತನೇ ಎಂಬುದು ಕಡೆಯಲ್ಲಿ ಬಯಲಾಗುವುದು. ಹೀಗೆ ಶಾಪವು ಹೊರಗಿನಿಂದ ಎರಗಿದ ಮಾಟವಾಗಿ ಉಳಿಯದೆ, ಮತ್ಸರ, ಮೇಲುಕೀಳು, ಆಡಿದ ಚುಚ್ಚುಮಾತು ಇವುಗಳ ಮೂಲಕ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಸಾಲವಾಗಿರುವುದು. ಗ್ವಿನ್ ತನ್ನ ಉಚ್ಚಾರವನ್ನು ತಿದ್ದಿಕೊಳ್ಳಲು ಧ್ವನಿಮುದ್ರಿಕೆಗಳನ್ನು ಕೊಂಡುದು ಅವನ ಗುಟ್ಟು. ಅದನ್ನು ಆಲಿಸನ್ ರೋಜರನಿಗೆ ಹೇಳಿಬಿಡುವಳು, ಅವನು ಅದನ್ನು ಹಿಡಿದು ಹಂಗಿಸುವನು. ಆಳುವವರ ಭಾಷೆಯನ್ನು ಕಲಿಯಬೇಕಾದ ಹುಡುಗನ ಈ ಅವಮಾನವು ಕಲ್ಲನ್ನು ತೂರಿದ ಈಟಿಗಿಂತ ಕಡಿಮೆಯದಲ್ಲ.

ಅಂತ್ಯದಲ್ಲಿ ಗಾರ್ನರನು ಮೂಲವನ್ನು ಬಿಟ್ಟಿರುವನು. ಗೂಬೆಯ ಶಕ್ತಿಯು ಆಲಿಸನಳನ್ನು ಆವರಿಸಿ ಗರಿಗಳು ಕವಿದಿರಲು, ಅವಳನ್ನು ಸಂತೈಸಬಲ್ಲ ಗ್ವಿನ್ ಅವಮಾನವನ್ನು ಮರೆಯಲಾರದೆ ಸುಮ್ಮನಿರುವನು. ರೋಜರನು ತನ್ನ ತಾಯಿಯನ್ನು ಕುರಿತ ಕಟುನುಡಿಯನ್ನು ಗ್ವಿನನಿಂದ ಕೇಳಿಯೂ ಪ್ರತೀಕಾರಕ್ಕೆ ಹೋಗದೆ, ಅವಳು ಗೂಬೆಯಲ್ಲ, ಹೂವು ಎಂದು ಅವಳಿಗೆ ಮನಗಾಣಿಸುವನು. ಗರಿಗಳು ಎಸಳುಗಳಾಗುವುವು. ಹಳೆಯ ಕಥೆಯಲ್ಲಿಲ್ಲದ ಈ ವಿಮೋಚನೆಯು ತೆರವನ್ನು ಮನ್ನಾಮಾಡಿದಂತಾಯಿತೇ? ಆಗಲಿಲ್ಲವೆಂದೇ ಹೇಳಬೇಕು. ರೋಜರನು ತನ್ನ ಅಹಂಕಾರವನ್ನು ತೆತ್ತನು. ಗ್ವಿನ್ ಕ್ಷಮಿಸಲಾರದೆ ಹೋದ ನಷ್ಟವನ್ನು ಹೊತ್ತು ನಿಂತನು. ಓದುವ ಮಕ್ಕಳ ಮನಸ್ಸು ಆವರೆಗೆ ಯಾರ ಪಕ್ಷದಲ್ಲಿತ್ತೋ ಅವನೇ ಸೋತನು. ಮಾಂತ್ರಿಕರು ಗೂಬೆಯಾಗಿಸಿ ಮುಗಿಸಿದ ಕಥೆಯನ್ನು ಒಂದು ನಲ್ಮಾತು ಮರಳಿ ಹೂವಾಗಿಸಿತು. ಇದು ಕುಂತಕನು ಮೆಚ್ಚಬಹುದಾದ ಮಾರ್ಪಾಡು. ದೋಷವನ್ನು ಹೇಳಬೇಕಾದರೆ, ಕಥೆಯ ಬಹುಭಾಗವು ಸಂಭಾಷಣೆಯಲ್ಲಿಯೇ ನಡೆದು ಅಂತ್ಯವು ಕೆಲವೇ ಪುಟಗಳಲ್ಲಿ ಬಂದೆರಗುವುದರಿಂದ, ಮೂಲಕಥೆಯನ್ನು ಅರಿಯದ ಬಾಲವಾಚಕನು ತಬ್ಬಿಬ್ಬಾಗುವ ಸಂಭವವುಂಟು. ಅಧ್ಯಾಪಕನು ಮೊದಲು ಬ್ಲೊಡೈವೆದಳ ಕಥೆಯನ್ನು ಬಾಯಿಂದ ಹೇಳಿ ಬಳಿಕ ಪುಸ್ತಕವನ್ನು ಕೈಗಿಡುವುದು ಮೇಲು.

೫

ಮೂರನೆಯ ನಿರ್ವಾಹವು ಸೂಸನ್ ಕೂಪರಳದು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಈಕೆಯು ೧೯೬೫ರಿಂದ ೧೯೭೭ರವರೆಗೆ ಐದು ಸಂಪುಟಗಳಲ್ಲಿ ಆರ್ಥರ್ ಅರಸನ ಐತಿಹ್ಯವನ್ನು ಇಂದಿನ ಮಕ್ಕಳ ಸಾಹಸದೊಡನೆ ಹೆಣೆದಳು. ನಾಲ್ಕನೆಯದಾದ ‘ದಿ ಗ್ರೇ ಕಿಂಗ್’ (೧೯೭೫) ವೇಲ್ಸಿನ ಬೆಟ್ಟಗಳಲ್ಲಿ ನಡೆಯುವುದು. ೧೯೭೬ರ ನ್ಯೂಬೆರಿ ಪದಕವು ಇದಕ್ಕೆ ಸಂದಿತು. ಅದರ ಬ್ರಾನ್ ಎಂಬ ಬಿಳಿಗೂದಲಿನ ಒಂಟಿ ಹುಡುಗನಿಗೆ ಪ್ರಾಣಮಿತ್ರವಾದುದು ಕವಾಲ್ ಎಂಬ ನಾಯಿ. ಆರ್ಥರನ ನಾಯಿಗೆ ಐತಿಹ್ಯದಲ್ಲಿರುವ ಹೆಸರು ಇದೇ. ನೆರೆಯವನೊಬ್ಬನು ಅದನ್ನು ಗುಂಡಿಕ್ಕಿ ಕೊಲ್ಲುವನು. ಬ್ರಾನ್ ಆರ್ಥರನ ಮಗನೇ ಎಂದೂ, ತಾಯಿಯು ಅವನನ್ನು ಹಸುಗೂಸಾಗಿದ್ದಾಗ ಈ ಕಾಲಕ್ಕೆ ತಂದು ಬಿಟ್ಟುಹೋದಳೆಂದೂ ತಿಳಿದುಬಂದರೂ ನಾಯಿಯು ಬದುಕಿ ಬಾರದು. ಇಲ್ಲಿಯ ಕರುಣವು ನಿರ್ದುಷ್ಟವಾದುದು.

ಕೊನೆಯ ಸಂಪುಟವಾದ ‘ಸಿಲ್ವರ್ ಆನ್ ದ ಟ್ರೀ’ಯಲ್ಲಿ ಬ್ರಾನ್ ತನ್ನ ತಂದೆಯೊಡನೆ ಕಾಲಾತೀತವಾದ ಪದವಿಗೆ ಹೋಗಬಹುದಾಗಿದ್ದರೂ, ಸಾಕಿದ ಬಡ ತಂದೆಯ ಪ್ರೀತಿಯನ್ನು ಆರಿಸಿಕೊಂಡು ಮರ್ತ್ಯನಾಗಿ ಉಳಿಯುವನು. ಈ ನಿರ್ಧಾರವು ಉದಾತ್ತವಾದುದು. ಆದರೆ ಮರುಗಳಿಗೆಯಲ್ಲಿಯೇ ವಿಲ್ ಎಂಬ ಬಾಲಕನೊಬ್ಬನ ಹೊರತು ಉಳಿದ ಮಕ್ಕಳೆಲ್ಲರೂ ನಡೆದುದನ್ನು ಮರೆಯುವಂತೆ ಮಾಡಲಾಗುವುದು. ಬ್ರಾನ್ ಸಹ ತಾನು ಏನನ್ನು ತ್ಯಜಿಸಿದೆನೆಂಬುದನ್ನು ಅರಿಯನು. ಶಾಕುಂತಲದಲ್ಲಿಯೂ ಮರೆವಿದೆ. ಕಾಳಿದಾಸನು ಅದನ್ನು ಕಥೆಯ ನಡುವೆ ಇಟ್ಟನು. ನೆನಪು ಮರಳಿ ಬಂದು ಸುಡುವುದಕ್ಕಾಗಿಯೇ ಆ ಮರೆವು. ಕೂಪರಳು ಅದನ್ನು ಕಥೆಯ ತುದಿಯಲ್ಲಿ ಇಟ್ಟಳು. ತ್ಯಾಗಮಾಡಿದವನಿಗೆ ತ್ಯಾಗದ ನೆನಪೇ ಇಲ್ಲದಿದ್ದರೆ ಅದು ಅವನ ಬಾಳಿನಲ್ಲಿ ಫಲಿಸುವುದೆಂತು? ನೆನಪಿನ ಭಾರವನ್ನು ವಿಲ್ ಒಬ್ಬನೇ ಹೊರುವನೆಂಬ ಸಮಾಧಾನವನ್ನು ಹೇಳಬಹುದಾದರೂ, ವಿಲ್ ಮೊದಲಿನಿಂದಲೂ ಅಮರರ ಗುಂಪಿಗೆ ಸೇರಿದವನು. ಮನುಷ್ಯಮಾತ್ರರಾದ ಮಕ್ಕಳ ಪಾಲಿಗೆ ಐದು ಸಂಪುಟಗಳ ಸಾಹಸವು ಬರಿಯ ಕನಸಾಯಿತು.

೬

ಮಕ್ಕಳು ಸುಕುಮಾರಮತಿಗಳು, ಅವರಿಗೆ ಸಾವನ್ನೂ ಪಶ್ಚಾತ್ತಾಪವನ್ನೂ ತೋರಿಸುವುದೇಕೆ ಎಂಬ ಆಕ್ಷೇಪವು ಇಲ್ಲಿ ಸಹಜವಾಗಿ ಏಳುವುದು. ಇದನ್ನು ಹಗುರವಾಗಿ ತಳ್ಳಿಹಾಕತಕ್ಕುದಲ್ಲ. ಭಯವನ್ನೇ ಬಡಿಸುವ ಪುಸ್ತಕಗಳೂ ಇಲ್ಲದಿಲ್ಲ. ಆದರೆ ಬಾಲಬೋಧೆಗೆಂದೇ ವಿಷ್ಣುಶರ್ಮನ ಬಾಯಲ್ಲಿ ಇಡಲಾದ ಪಂಚತಂತ್ರದಲ್ಲಿ ಸಂಜೀವಕನೆಂಬ ಎತ್ತು ಮಿತ್ರನಾದ ಸಿಂಹದಿಂದಲೇ ಸಾಯುವುದು. ಯಕ್ಷಗಾನದ ರಾತ್ರಿಗಳಲ್ಲಿ ತಾಯಂದಿರ ಮಡಿಲಲ್ಲಿ ಕುಳಿತ ಮಕ್ಕಳು ಅಭಿಮನ್ಯುವಿನ ಪತನವನ್ನು ನೋಡಿಯೇ ಬೆಳೆದಿರುವರು. ಅವನನ್ನು ಯಾರೂ ಅವರಿಗಾಗಿ ಬದುಕಿಸಿಲ್ಲ. ಮಗುವಿನ ಅಧಿಕಾರವು ಭಾಷೆಯ ಸುಲಭತೆಗೆ, ಕಥೆಯ ಉದ್ದಕ್ಕೆ, ವರ್ಣನೆಯ ಸಂಯಮಕ್ಕೆ ಸಂಬಂಧಪಟ್ಟುದು. ಸತ್ಯದ ವಿಷಯದಲ್ಲಿ ಅದು ದೊಡ್ಡವರ ಅಧಿಕಾರಕ್ಕಿಂತ ಕಡಿಮೆಯೆನ್ನಲು ಆಧಾರವಿಲ್ಲ.

ಈ ವಿಚಾರವು ವೇಲ್ಸಿನೊಡನೆ ಮುಗಿಯುವಂತಹುದಲ್ಲ. ಇದೇ ಅಚ್ಚಿನಲ್ಲಿ ಈಗ ಭಾರತದ ಕಥೆಗಳೂ ಎರಕಗೊಳ್ಳುತ್ತಿವೆ. ೨೦೧೮ರಲ್ಲಿ ಅಮೆರಿಕದ ರೋಶನಿ ಚೋಕ್ಷಿ ಎಂಬ ಲೇಖಕಿಯು ಪಾಂಡವರ ಆತ್ಮಗಳು ಇಂದಿನ ಬಾಲಿಕೆಯರಲ್ಲಿ ಮರುಹುಟ್ಟು ಪಡೆಯುವ ಸಾಹಸಕಥಾಮಾಲೆಯನ್ನು ಆರಂಭಿಸಿದಳು. ಇಂತಹ ಗ್ರಂಥಗಳನ್ನು ಕಂಡಾಗ, ವ್ಯಾಸರಲ್ಲಿ ಇಲ್ಲದುದನ್ನು ಸೇರಿಸಿದರೆಂದು ಸಿಡುಕುವುದು ಪಂಡಿತರಿಗೆ ಸುಲಭ. ಮಕ್ಕಳು ಹೇಗಾದರೂ ಪುರಾಣವನ್ನು ಓದಿದರೆ ಸಾಕೆಂದು ತಣಿಯುವುದು ಅಧ್ಯಾಪಕರಿ‌ಗೆ ಸುಲಭ. ಎರಡೂ ವಿಮರ್ಶೆಯಾಗಲಾರದು. ಅರ್ಜುನನು ಹುಡುಗಿಯಾಗಿ ಹುಟ್ಟಿದುದರಿಂದ ಭಾರತಕ್ಕೆ ಊನವಿಲ್ಲ. ಹಾಗೆ ಹುಟ್ಟಿದವಳಿಗೆ ಗಾಂಡೀವದ ಜೊತೆಗೆ ಅದನ್ನು ಕೆಳಗಿಟ್ಟು ಕುಸಿದು ಕುಳಿತ ಗಳಿಗೆಯೂ ಬಂದಿದೆಯೇ ಎಂಬುದನ್ನು ನೋಡಬೇಕು.

ಆದುದರಿಂದ ಪಾಠಶಾಲೆಗೆ ಪುಸ್ತಕವನ್ನು ಆರಿಸುವವರು ಮೂಲದಲ್ಲಿರುವ ಯಾವ ಯಾವ ಸಂಗತಿಗಳು ಇಲ್ಲಿ ಬಂದಿವೆಯೆಂದು ಪಟ್ಟಿಮಾಡುವುದಕ್ಕೆ ಮೊದಲು, ಮೂಲದಲ್ಲಿ ತೆತ್ತವರು ಇಲ್ಲಿಯೂ ತೆತ್ತಿರುವರೇ ಎಂದು ಕೇಳಿಕೊಳ್ಳುವುದು ಯುಕ್ತ. ಅಲೆಕ್ಸಾಂಡರನು ಹೆಸರುಗಳನ್ನೆಲ್ಲ ಬದಲಿಸಿಯೂ ಕೊಪ್ಪರಿಗೆಯ ಬಳಿ ಈ ಪರೀಕ್ಷೆಯಲ್ಲಿ ಗೆದ್ದನು. ಗಾರ್ನರನು ಅಂತ್ಯವನ್ನೇ ತಿರುಗಿಸಿಯೂ ಗೆದ್ದನು. ಕೂಪರಳು ಐತಿಹ್ಯವನ್ನು ಭಕ್ತಿಯಿಂದ ಕಾಪಾಡಿಯೂ ಕೊನೆಯ ಪುಟಗಳಲ್ಲಿ ಸೋತಳು. ಹುಲಿಯು ಸತ್ತ ಮೇಲೆ ಮಗುವು ಅಳುವುದು ಸಹಜ. ಆ ಅಳುವಿನಲ್ಲಿಯೇ ಅದು ಹಸುವಿನ ಸತ್ಯವನ್ನು ಅರಿಯುವುದು.